ಮೇರಿಯನ್ ಮಾಟ್ಲಿ ಓಡಿದ್ದು 1,696 ಗಜವೋ, 4,720 ಗಜವೋ?

ಪ್ರಶ್ನೆ: ನಾವಿರುವುದು ಓಹಾಯೊದ ಕೊಲಂಬಸ್‌ನಲ್ಲಿ. ಮಗನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಅವನ ಒತ್ತಾಯಕ್ಕೆ ಕ್ಯಾಂಟನ್ ಊರಿನ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ನೋಡಿ ಬಂದೆವು. ಅಲ್ಲಿ ಮೇರಿಯನ್ ಮಾಟ್ಲಿ ಎಂಬ ಹಳೆಯ ಆಟಗಾರರ ಕಂಚಿನ ಮೂರ್ತಿ ಇತ್ತು. ಕಪ್ಪು ಆಟಗಾರರಿಗೆ ಮುಚ್ಚಿದ್ದ ಬಾಗಿಲನ್ನು ತೆರೆಯುವ, ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ಮಾಡಿದ ಕೆಲಸವನ್ನು ಇವರು ಫುಟ್‌ಬಾಲ್‌ನಲ್ಲಿ ಒಂದು ವರ್ಷ ಮೊದಲೇ ಮಾಡಿದ್ದರು ಎಂದು ಅಲ್ಲಿದ್ದ ಒಬ್ಬರು ಹೇಳಿದರು. ಹಾಗಿದ್ದರೆ ರಾಬಿನ್ಸನ್ ಹೆಸರು ಎಲ್ಲರಿಗೂ ಗೊತ್ತು, ಮಾಟ್ಲಿ ಹೆಸರು ಯಾಕೆ ಗೊತ್ತಿಲ್ಲ? ಮನೆಗೆ ಬಂದು ಹುಡುಕಿದರೆ ಒಂದು ಕಡೆ ಇವರು ಓಡಿದ್ದು 1,696 ಗಜ ಎಂದಿದೆ, ಇನ್ನೊಂದು ಕಡೆ 4,720 ಎಂದಿದೆ. ಯಾವುದು ಸರಿ? ಯಾವುದೇ ಆಗಲಿ, ಈಗಿನವರ ಲೆಕ್ಕಕ್ಕೆ ತೀರಾ ಕಡಿಮೆ ಅಲ್ವಾ? ಹೆಸರಾಂತ ಓಟಗಾರ ಜಿಮ್ ಬ್ರೌನ್‌ಗಿಂತ ಇವರೇ ದೊಡ್ಡ ಆಟಗಾರ ಅನ್ನುವವರೂ ಇದ್ದಾರಂತೆ. ಹೌದಾ?

ಉತ್ತರ: ಎರಡು ಸಂಖ್ಯೆಗಳೂ ಸರಿ. ಮೊದಲು ಆ ಗೊಂದಲವನ್ನು ಬಿಡಿಸೋಣ. ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲೇ ಇದೆ.

ಮಾಟ್ಲಿ 1946ರಿಂದ 1953ರವರೆಗೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಆಡಿದರು. ಅದರಲ್ಲಿ ಮೊದಲ ನಾಲ್ಕು ವರ್ಷ ಬ್ರೌನ್ಸ್ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಮೆರಿಕದ ಮುಖ್ಯ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ, ಇರಲೇ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ ಆಲ್-ಅಮೆರಿಕ ಫುಟ್‌ಬಾಲ್ ಕಾನ್ಫರೆನ್ಸ್ ಎಂಬ ಹೊಸ ಲೀಗ್ ಶುರುವಾಯಿತು. ಚಿಕ್ಕದಾಗಿ ಎಎಎಫ್‌ಸಿ ಎನ್ನುತ್ತಾರೆ. 1946ರಿಂದ 1949ರವರೆಗೆ ನಡೆದು ಅದು ನಿಂತುಹೋಯಿತು. ಬ್ರೌನ್ಸ್, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್, ಬಾಲ್ಟಿಮೋರ್ ಕೋಲ್ಟ್ಸ್, ಈ ಮೂರು ತಂಡಗಳು ಮಾತ್ರ 1950ರಲ್ಲಿ ಎನ್‌ಎಫ್‌ಎಲ್ ಸೇರಿಕೊಂಡವು. ಮಾಟ್ಲಿ ಎಎಎಫ್‌ಸಿಯಲ್ಲಿ ಓಡಿದ್ದು 3,024 ಗಜ. ಆ ಲೀಗಿನ ನಾಲ್ಕೂ ವರ್ಷ ಸೇರಿಸಿ ನೋಡಿದರೆ ಅವರಷ್ಟು ಓಡಿದವರು ಬೇರೆ ಯಾರೂ ಇಲ್ಲ. ಆಮೇಲೆ ಎನ್‌ಎಫ್‌ಎಲ್‌ನಲ್ಲಿ ಓಡಿದ್ದು 1,696. ಎರಡೂ ಕೂಡಿದರೆ 4,720. ಎನ್‌ಎಫ್‌ಎಲ್‌ನ ದಾಖಲೆ ಪುಸ್ತಕ ಆ ನಾಲ್ಕು ವರ್ಷಗಳನ್ನು ಬಹುಕಾಲ ಲೆಕ್ಕಕ್ಕೇ ಹಿಡಿಯಲಿಲ್ಲ. ಒಬ್ಬ ಆಟಗಾರನ ಮೊಣಕಾಲು ಗಟ್ಟಿ ಇದ್ದ ಅತ್ಯುತ್ತಮ ವರ್ಷಗಳು ಹೀಗೆ ಪುಸ್ತಕದ ಹೊರಗೆ ಉಳಿದವು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಆ ಲೀಗ್ ಕಳಪೆ ಆಗಿರಲಿಲ್ಲ. ಅದನ್ನು ಬ್ರೌನ್ಸ್ 1950ರಲ್ಲಿ ಆಡಿಯೇ ತೋರಿಸಿದರು. ಆ ಮಾತು ಮುಂದೆ ಬರುತ್ತದೆ.

ಇನ್ನು 4,720 ಕಡಿಮೆ ಎಂಬ ಮಾತು. ಒಟ್ಟು ಗಜ ಬಿಡಿ, ಒಂದು ಸಲ ಚೆಂಡು ಕೈಗೆ ಬಂದರೆ ಎಷ್ಟು ಗಜ ಓಡಿದರು ಎಂದು ನೋಡಿ. ಈ ಆಟದಲ್ಲಿ ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಅಂದರೆ ಓಟಗಾರ ಸಲಕ್ಕೆ ನಾಲ್ಕು ಗಜ ತಂದರೆ ತಂಡ ಖುಷಿಯಾಗಿರುತ್ತದೆ. ಮಾಟ್ಲಿ ಒಟ್ಟು 828 ಸಲ ಚೆಂಡು ಹಿಡಿದು ಓಡಿದರು. ಸರಾಸರಿ 5.7 ಗಜ. ಜಿಮ್ ಬ್ರೌನ್ 2,359 ಸಲ ಓಡಿ 12,312 ಗಜ ತಂದರು. ಸರಾಸರಿ 5.2. ಈಗ ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ ಆಗುತ್ತದೆ. ಇಷ್ಟು ಚೆನ್ನಾಗಿ ಓಡುವವರ ಕೈಗೆ ಚೆಂಡನ್ನು ಇಷ್ಟು ಕಡಿಮೆ ಸಲ ಯಾಕೆ ಕೊಟ್ಟರು? 1947ರಲ್ಲಿ 14 ಪಂದ್ಯಗಳಲ್ಲಿ ಅವರಿಗೆ ಸಿಕ್ಕಿದ್ದು 146 ಓಟ, ಪಂದ್ಯಕ್ಕೆ ಹತ್ತರಷ್ಟು. ಜಿಮ್ ಬ್ರೌನ್‌ಗೆ ತಮ್ಮ ಒಂಬತ್ತು ವರ್ಷಗಳಲ್ಲಿ ಸರಾಸರಿ ಪಂದ್ಯಕ್ಕೆ ಇಪ್ಪತ್ತು ಸಿಕ್ಕಿತು.

ಕಾರಣ ಇಷ್ಟೇ. ಮಾಟ್ಲಿಯವರ ಮುಖ್ಯ ಕೆಲಸ ಓಟ ಆಗಿರಲಿಲ್ಲ. ಆಟೋ ಗ್ರಹಾಂ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆಯುವ ಆಟಗಾರನನ್ನು, ಕಾಯುವುದು ಅವರ ಕೆಲಸವಾಗಿತ್ತು.

ಕೋಚ್ ಪಾಲ್ ಬ್ರೌನ್ ಆ ಕಾಲಕ್ಕೆ ಹೊಸ ರೀತಿಯ ಆಟ ಆಡಿಸುತ್ತಿದ್ದರು. ಚೆಂಡನ್ನು ದೂರಕ್ಕೆ ಎಸೆಯುವ ಆಟ. ಎಸೆಯಬೇಕಾದರೆ ಗ್ರಹಾಂಗೆ ಹಿಂದೆ ನಿಂತು ನೋಡಲು ಎರಡು ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಎದುರಾಳಿಯ ದೈತ್ಯರು ಮುಂದೆ ಸಾಲಾಗಿ ನಿಂತವರ ಲೈನ್ ಮುರಿದು ನುಗ್ಗುತ್ತಾರೆ. ಅವರನ್ನು ತಡೆಯಲು ಕೊನೆಗೆ ಉಳಿಯುವವರು ಫುಲ್‌ಬ್ಯಾಕ್, ಅಂದರೆ ಮಾಟ್ಲಿ. ಎತ್ತರ ಆರು ಅಡಿ ಒಂದಿಂಚು. ತೂಕ 230 ಪೌಂಡ್‌ಗೂ ಜಾಸ್ತಿ, ಅಂದರೆ 105 ಕಿಲೋ ಹತ್ತಿರ. ಆ ಕಾಲದ ಎಷ್ಟೋ ಲೈನ್‌ಮನ್‌ಗಳಿಗಿಂತ ಭಾರ. ಹಾಗಿದ್ದೂ ಓಡುವುದರಲ್ಲಿ ಚುರುಕು. ಬದಿಯಿಂದ ನುಗ್ಗಿದವನಿಗೆ ಮಾಟ್ಲಿ ಅಡ್ಡ ನಿಂತರೆ ಅಲ್ಲಿಗೆ ಅವನ ಓಟ ಮುಗಿಯಿತು. ಈ ಅಡ್ಡ ನಿಲ್ಲುವ ಕೆಲಸಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. ಅದಕ್ಕೆ ಯಾವ ಅಂಕಿ ಅಂಶವೂ ಇಲ್ಲ. ಗ್ರಹಾಂ ಎಸೆದ ಪಾಸ್‌ಗಳ ಗಜಗಳೆಲ್ಲ ಗ್ರಹಾಂ ಹೆಸರಿನಲ್ಲಿ ಬರೆದಿವೆ, ಹಿಡಿದವರ ಹೆಸರಿನಲ್ಲಿ ಬರೆದಿವೆ. ಎಸೆಯಲು ಬಿಡುವು ಮಾಡಿಕೊಟ್ಟವರ ಹೆಸರಿನಲ್ಲಿ ಏನೂ ಬರೆದಿಲ್ಲ. ಕ್ರಿಕೆಟ್‌ನಲ್ಲಿ ಇನ್ನೊಂದು ತುದಿಯಲ್ಲಿ ವಿಕೆಟ್ ಕಾಯ್ದು ನಿಂತವನಿಗಾದರೂ ಎದುರಿಸಿದ ಚೆಂಡುಗಳ ಲೆಕ್ಕ ಇರುತ್ತದೆ. ಮಾಟ್ಲಿಗೆ ಅದೂ ಇಲ್ಲ.

ಅವರನ್ನು ಹೆಚ್ಚು ನೆನಪಿಗೆ ತರುವ ಆಟದ ತಂತ್ರ ಡ್ರಾ ಪ್ಲೇ. ಅದು ಹುಟ್ಟಿದ್ದು ಕೂಡ ಈ ಕಾವಲಿನಿಂದಲೇ. ಒಂದು ಪಂದ್ಯದಲ್ಲಿ ಗ್ರಹಾಂ ಎಸೆಯಲು ಹಿಂದೆ ಬಂದರು. ಎದುರಾಳಿಗಳು ಒಟ್ಟಿಗೆ ನುಗ್ಗಿದರು. ಏನೂ ತೋಚದೆ ಗ್ರಹಾಂ ಪಕ್ಕದಲ್ಲಿದ್ದ ಮಾಟ್ಲಿ ಕೈಗೆ ಚೆಂಡು ಕೊಟ್ಟುಬಿಟ್ಟರು. ಎದುರಾಳಿಗಳೆಲ್ಲ ಗ್ರಹಾಂ ಹಿಂದೆ ಬಿದ್ದಿದ್ದರಿಂದ ಮುಂದೆ ಮೈದಾನ ಖಾಲಿ. ಮಾಟ್ಲಿ ದೂರ ಓಡಿದರು. ಆಮೇಲೆ ಕೂತು ಯೋಚಿಸಿದಾಗ, ಬೇಕೆಂದೇ ಹೀಗೆ ಮಾಡಬಹುದಲ್ಲ ಅನ್ನಿಸಿತು. ಎಸೆಯುವಂತೆ ನಟಿಸಿ, ಎದುರಾಳಿಯನ್ನು ಒಳಗೆ ಎಳೆದುಕೊಂಡು, ಅವನು ಬಂದ ದಾರಿಯಲ್ಲೇ ಓಡುವುದು. ಈಗಲೂ ಪ್ರತಿ ತಂಡ ಇದನ್ನು ಆಡುತ್ತದೆ. ನಿಮ್ಮ ಮಗನ ಶಾಲೆಯ ತಂಡವೂ ಆಡುತ್ತಿರಬಹುದು. ಅಂದಿನ ಎದುರಾಳಿಗೆ ಇದು ಇಕ್ಕಟ್ಟಿನ ಪರಿಸ್ಥಿತಿ. ನುಗ್ಗಿದರೆ ಮಾಟ್ಲಿ ಓಡುತ್ತಾರೆ, ನಿಂತರೆ ಗ್ರಹಾಂ ಎಸೆಯುತ್ತಾರೆ.

ಇಷ್ಟು ಸಾಲದು ಎಂಬಂತೆ ರಕ್ಷಣೆಯ ಸರದಿ ಬಂದಾಗ ಅವರನ್ನು ಲೈನ್‌ಬ್ಯಾಕರ್ ಆಗಿಯೂ ನಿಲ್ಲಿಸುತ್ತಿದ್ದರು. ಓಡುವುದು, ಕಾಯುವುದು, ಕೆಡವುವುದು, ಮೂರೂ ಒಬ್ಬರೇ.

ಈಗ ಅವರು ಎಲ್ಲಿಂದ ಬಂದರು ಅನ್ನುವುದಕ್ಕೆ ಬರೋಣ. ಹುಟ್ಟಿದ್ದು 1920ರ ಜೂನ್ 5ರಂದು, ಜಾರ್ಜಿಯ ರಾಜ್ಯದ ಲೀಸ್‌ಬರ್ಗ್‌ನಲ್ಲಿ. ಆಗ ದಕ್ಷಿಣದ ಕಪ್ಪು ಕುಟುಂಬಗಳು ಕೆಲಸ ಹುಡುಕಿಕೊಂಡು ದೊಡ್ಡ ಸಂಖ್ಯೆಯಲ್ಲಿ ಉತ್ತರದ ಕಾರ್ಖಾನೆ ಊರುಗಳಿಗೆ ಹೋಗುತ್ತಿದ್ದವು. ಮಾಟ್ಲಿ ಇನ್ನೂ ಪುಟ್ಟ ಮಗುವಾಗಿದ್ದಾಗ ಅವರ ಮನೆಯವರೂ ಹೀಗೆ ಓಹಾಯೊದ ಕ್ಯಾಂಟನ್‌ಗೆ ಬಂದರು. ಅದು ಉಕ್ಕಿನ ಊರು, ಟಿಮ್‌ಕೆನ್ ಬೇರಿಂಗ್ ಕಂಪನಿಯ ಊರು. ಜೊತೆಗೆ ಫುಟ್‌ಬಾಲ್ ಊರು. ಈಗ ಎನ್‌ಎಫ್‌ಎಲ್ ಎಂದು ಕರೆಯುವ ಲೀಗ್ 1920ರಲ್ಲಿ ಹುಟ್ಟಿದ್ದೇ ಕ್ಯಾಂಟನ್‌ನ ಒಂದು ಕಾರು ಶೋರೂಮಿನಲ್ಲಿ. ನೀವು ನೋಡಿದ ಹಾಲ್ ಆಫ್ ಫೇಮ್ ಅಲ್ಲಿರುವುದಕ್ಕೂ ಅದೇ ಕಾರಣ.

ಮಾಟ್ಲಿ ಓದಿದ್ದು ಕ್ಯಾಂಟನ್ ಮೆಕಿನ್ಲಿ ಹೈಸ್ಕೂಲಿನಲ್ಲಿ. ಅವರು ಆಡಿದ ಕಾಲದಲ್ಲಿ ಆ ಶಾಲೆ ಮೂರೇ ಪಂದ್ಯ ಸೋತಿತು. ಮೂರೂ ಪಕ್ಕದ ಊರು ಮ್ಯಾಸಿಲಾನ್ ವಿರುದ್ಧ. ಮ್ಯಾಸಿಲಾನ್ ಶಾಲೆಯ ಕೋಚ್ ಯಾರು ಗೊತ್ತಾ? ಇದೇ ಪಾಲ್ ಬ್ರೌನ್. ಎದುರಾಳಿಯಾಗಿ ಮೂರು ವರ್ಷ ನೋಡಿದ್ದ ಹುಡುಗನನ್ನು ಅವರು ಮರೆಯಲಿಲ್ಲ.

ಕಾಲೇಜಿಗೆ ಮಾಟ್ಲಿ ಮೊದಲು ಸೌತ್ ಕ್ಯಾರೊಲಿನಾ ಸ್ಟೇಟ್‌ಗೆ ಹೋದರು. ನಂತರ ರೀನೊ ನಗರದ ನೆವಾಡಾ ವಿಶ್ವವಿದ್ಯಾಲಯ ಸೇರಿದರು. ಅವರ ಹೈಸ್ಕೂಲ್ ಕೋಚ್ ಜಿಮ್ ಏಕನ್ ಅಲ್ಲಿಗೆ ಹೋಗಿದ್ದರು. ರೀನೊ ದಿನಗಳಲ್ಲಿ ಒಂದು ದುರಂತ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಮಾಟ್ಲಿ ಓಡಿಸುತ್ತಿದ್ದ ಕಾರು ಅಪಘಾತಕ್ಕೆ ಸಿಕ್ಕಿ ಇನ್ನೊಂದು ಕಾರಿನಲ್ಲಿದ್ದ ವೃದ್ಧರೊಬ್ಬರು ತೀರಿಕೊಂಡರು. ಕೋರ್ಟು ಮಾಟ್ಲಿಯವರದೇ ತಪ್ಪು ಎಂದಿತು. ದಂಡ ಕಟ್ಟಲು ಅವರ ಬಳಿ ಹಣವಿರಲಿಲ್ಲ. ವಿದ್ಯಾರ್ಥಿಗಳು ಚಂದಾ ಎತ್ತಿ ಕಟ್ಟಿದರು, ಜೈಲು ತಪ್ಪಿತು. ಮಾಟ್ಲಿ ಬದುಕಿನ ಕಥೆ ಹೇಳುವವರು ಇದನ್ನು ಬಿಟ್ಟುಬಿಡುವುದುಂಟು. ಬಿಡಬಾರದು. ಒಬ್ಬ ಮನುಷ್ಯನ ಪ್ರಾಣ ಹೋದ ಸಂಗತಿ ಅದು.

ಯುದ್ಧ ಕಾಲದಲ್ಲಿ ಮಾಟ್ಲಿ ನೌಕಾಪಡೆ ಸೇರಿದರು. ಶಿಕಾಗೊ ಬಳಿಯ ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿನ ಫುಟ್‌ಬಾಲ್ ತಂಡದ ಕೋಚ್ ಮತ್ತೆ ಪಾಲ್ ಬ್ರೌನ್! 1945ರ ಡಿಸೆಂಬರ್‌ನಲ್ಲಿ ಈ ನೌಕಾಪಡೆ ತಂಡ ನೋತ್ರ್ ಡೇಮ್‌ನಂಥ ದೊಡ್ಡ ಹೆಸರಿನ ಕಾಲೇಜನ್ನು 39-7ರಿಂದ ಸೋಲಿಸಿತು. ಅಂದು ಮಾಟ್ಲಿ ಚೆನ್ನಾಗಿ ಆಡಿದರು. ಯುದ್ಧ ಮುಗಿಯಿತು. ಅವರು ಕ್ಯಾಂಟನ್‌ಗೆ ಮರಳಿ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತರು. ವಯಸ್ಸು 26. ರೀನೊಗೆ ಹೋಗಿ ಡಿಗ್ರಿ ಮುಗಿಸುವ ಯೋಚನೆ ಇತ್ತು. ಅಷ್ಟರಲ್ಲಿ ಪಾಲ್ ಬ್ರೌನ್ ಕ್ಲೀವ್‌ಲ್ಯಾಂಡ್‌ನಲ್ಲಿ ಹೊಸ ತಂಡ ಕಟ್ಟುತ್ತಿರುವ ಸುದ್ದಿ ಬಂತು. ತಂಡದ ಹೆಸರೂ ಅವರದ್ದೇ, ಬ್ರೌನ್ಸ್. (ಜಿಮ್ ಬ್ರೌನ್ ಸೇರಿದ್ದು 1957ರಲ್ಲಿ. ಕೋಚ್‌ಗೂ ಅವರಿಗೂ ಯಾವ ನೆಂಟಸ್ತನವೂ ಇಲ್ಲ.) ಮಾಟ್ಲಿ ಒಂದು ಅವಕಾಶ ಕೊಡಿ ಎಂದು ಬರೆದರು. ಓಟಗಾರರು ಸಾಕಷ್ಟಿದ್ದಾರೆ ಎಂದು ಉತ್ತರ ಬಂತು.

ಆ ಉತ್ತರ ಮುಂದೆ ಯಾಕೆ ಬದಲಾಯಿತು ಎಂದು ತಿಳಿಯಲು ಆಗಿನ ಪರಿಸ್ಥಿತಿ ತಿಳಿಯಬೇಕು.

ವೃತ್ತಿಪರ ಫುಟ್‌ಬಾಲ್‌ನಲ್ಲಿ ಕಪ್ಪು ಆಟಗಾರರು ಮೊದಲಿನಿಂದಲೂ ಇರಲಿಲ್ಲ ಎಂದಲ್ಲ. 1920ರಲ್ಲೇ ಫ್ರಿಟ್ಜ್ ಪೊಲಾರ್ಡ್ ಆಕ್ರಾನ್ ತಂಡಕ್ಕೆ ಆಡಿದ್ದರು. ಮರುವರ್ಷ ಆ ತಂಡದ ಕೋಚ್ ಕೂಡ ಆದರು. ಆದರೆ 1933ರ ನಂತರ ಎನ್‌ಎಫ್‌ಎಲ್‌ನಲ್ಲಿ ಒಬ್ಬರೇ ಒಬ್ಬರು ಕಪ್ಪು ಆಟಗಾರರು ಉಳಿಯಲಿಲ್ಲ. ಹನ್ನೆರಡು ಸೀಸನ್ ಹೀಗೇ ಕಳೆಯಿತು. ಬರೆದಿಟ್ಟ ನಿಯಮ ಎಲ್ಲೂ ಇಲ್ಲ. ಮಾಲೀಕರು ತಮ್ಮ ತಮ್ಮಲ್ಲೇ ಮಾತಾಡಿಕೊಂಡಂತೆ ನಡೆದುಕೊಂಡರು. ಕೇಳಿದರೆ ಅಂಥದ್ದೇನಿಲ್ಲ ಎನ್ನುತ್ತಿದ್ದರು. ಇದರಲ್ಲಿ ವಾಷಿಂಗ್ಟನ್ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಪಾತ್ರ ದೊಡ್ಡದು. ಅವರ ತಂಡ ಕಪ್ಪು ಆಟಗಾರರನ್ನು ಆಡಿಸಿದ್ದು 1962ರಲ್ಲಿ. ಅದೂ ಮನಸ್ಸು ಬದಲಾಗಿ ಅಲ್ಲ. ಹೊಸ ಸ್ಟೇಡಿಯಂ ಇದ್ದದ್ದು ಕೇಂದ್ರ ಸರ್ಕಾರದ ಜಾಗದಲ್ಲಿ. ಭೇದ ಮಾಡುವುದಾದರೆ ಮೈದಾನ ಕೊಡುವುದಿಲ್ಲ ಎಂದು ಕೆನಡಿ ಸರ್ಕಾರದ ಸಚಿವ ಸ್ಟುವರ್ಟ್ ಯೂಡಾಲ್ ಗದರಿದ ಮೇಲೆ.

1946ರಲ್ಲಿ ಈ ಗೋಡೆ ಎರಡು ಕಡೆ ಒಡೆಯಿತು. ಒಂದು ಲಾಸ್ ಏಂಜಲೀಸ್‌ನಲ್ಲಿ. ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್ ತಂಡ ಆ ವರ್ಷ ಅಲ್ಲಿಗೆ ಸ್ಥಳಾಂತರವಾಯಿತು. ಅಲ್ಲಿನ ಕೊಲಿಸಿಯಂ ಜನರ ತೆರಿಗೆ ಹಣದಲ್ಲಿ ಕಟ್ಟಿದ ಮೈದಾನ. ಅದರಲ್ಲಿ ಎಲ್ಲರಿಗೂ ಅವಕಾಶ ಇರಬೇಕು ಎಂದು ಕಪ್ಪು ಪತ್ರಿಕೆಗಳ ಬರಹಗಾರರು ಪಟ್ಟು ಹಿಡಿದರು. ಹ್ಯಾಲಿ ಹಾರ್ಡಿಂಗ್ ಎಂಬ ಪತ್ರಕರ್ತ ಮೈದಾನದ ಆಡಳಿತ ಸಭೆಗೇ ಹೋಗಿ ಮಾತಾಡಿದರು. ಆ ಒತ್ತಡಕ್ಕೆ ರ‍್ಯಾಮ್ಸ್ ಮಾರ್ಚ್‌ನಲ್ಲಿ ಕೆನ್ನಿ ವಾಷಿಂಗ್ಟನ್ ಅವರನ್ನೂ ಮೇ ತಿಂಗಳಲ್ಲಿ ವುಡಿ ಸ್ಟ್ರೋಡ್ ಅವರನ್ನೂ ಸೇರಿಸಿಕೊಂಡಿತು. ಇಬ್ಬರೂ 1939ರಲ್ಲಿ ಯುಸಿಎಲ್‌ಎ ಕಾಲೇಜಿನಲ್ಲಿ ಜಾಕಿ ರಾಬಿನ್ಸನ್ ಜೊತೆಗೇ ಫುಟ್‌ಬಾಲ್ ಆಡಿದ್ದವರು.

ಎರಡನೆಯದು ಕ್ಲೀವ್‌ಲ್ಯಾಂಡ್‌ನಲ್ಲಿ. ಪಾಲ್ ಬ್ರೌನ್‌ಗೆ ಓಹಾಯೊ ಸ್ಟೇಟ್ ಕಾಲೇಜಿನಲ್ಲಿ ಬಿಲ್ ವಿಲ್ಲಿಸ್ ಎಂಬ ಶಿಷ್ಯ ಇದ್ದರು. ನಿಮ್ಮ ಕೊಲಂಬಸ್‌ನವರೇ. ಆಗಸ್ಟ್‌ನಲ್ಲಿ ವಿಲ್ಲಿಸ್ ಬೌಲಿಂಗ್ ಗ್ರೀನ್‌ನಲ್ಲಿ ನಡೆಯುತ್ತಿದ್ದ ತರಬೇತಿ ಶಿಬಿರಕ್ಕೆ ಬಂದರು. ಸೆಂಟರ್ ಆಟಗಾರ ಚೆಂಡು ಹಿಂದಕ್ಕೆ ಕೊಡುವಷ್ಟರಲ್ಲೇ ಅವನ ಮೇಲೆ ಹಾರಿ ಬೀಳುತ್ತಿದ್ದರು. ಇವನು ಮೊದಲೇ ಹೊರಡುತ್ತಿದ್ದಾನೆ ಎಂದು ದೂರು ಬಂತು. ಬಗ್ಗಿ ಕೂತು ನೋಡಿದರೆ ಇಲ್ಲ, ಸರಿಯಾದ ಸಮಯಕ್ಕೇ ಹೊರಡುತ್ತಿದ್ದಾರೆ, ಅಷ್ಟು ವೇಗ. ಅಂದೇ ಅವರ ಜಾಗ ಗಟ್ಟಿಯಾಯಿತು. ಕೆಲವು ದಿನಗಳ ನಂತರ ಮಾಟ್ಲಿಗೂ ಕರೆ ಹೋಯಿತು. ವಿಲ್ಲಿಸ್ ಜೊತೆ ಒಂದೇ ರೂಮಿನಲ್ಲಿ ಇರಲು ಇನ್ನೊಬ್ಬ ಕಪ್ಪು ಆಟಗಾರ ಬೇಕಿತ್ತು, ಅದಕ್ಕೇ ನನ್ನನ್ನು ಕರೆದರು ಎಂದು ಮಾಟ್ಲಿ ಮುಂದೆ ಹೇಳುತ್ತಿದ್ದರು. ರೂಮಿನ ಜೊತೆಗಾರನಾಗಿ ಬಂದವರು ಸೀಸನ್ ಶುರುವಾಗುವಷ್ಟರಲ್ಲಿ ತಂಡದ ಮುಖ್ಯ ಫುಲ್‌ಬ್ಯಾಕ್ ಆಗಿದ್ದರು.

ಹಾಗಾಗಿ ಮಾಟ್ಲಿ ಒಬ್ಬರೇ ಮೊದಲಿಗರಲ್ಲ. ನಾಲ್ವರು ಇದ್ದರು. ಸಹಿ ಮಾಡಿದ್ದರಲ್ಲಿ ಕೆನ್ನಿ ವಾಷಿಂಗ್ಟನ್ ಮೊದಲು. ಮೈದಾನಕ್ಕೆ ಇಳಿದದ್ದರಲ್ಲಿ ವಿಲ್ಲಿಸ್ ಮತ್ತು ಮಾಟ್ಲಿ ಮೊದಲು. 1946ರ ಸೆಪ್ಟೆಂಬರ್ 6ರಂದು, ಕ್ಲೀವ್‌ಲ್ಯಾಂಡ್‌ನಲ್ಲಿ 60,000ಕ್ಕೂ ಜಾಸ್ತಿ ಜನರ ಮುಂದೆ, ಮಯಾಮಿ ಸೀಹಾಕ್ಸ್ ವಿರುದ್ಧ. ಬ್ರೌನ್ಸ್ 44-0ರಿಂದ ಗೆದ್ದಿತು. ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೊದಲ ಪಂದ್ಯ ಆಡಿದ್ದು 1947ರ ಏಪ್ರಿಲ್ 15ರಂದು. ಏಳು ತಿಂಗಳು ಆಮೇಲೆ.

ಹೆಸರು ಯಾಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ನನಗೆ ಕಾಣುವ ದೊಡ್ಡ ಕಾರಣ, ಆಗ ಅಮೆರಿಕದ ಆಟ ಎಂದರೆ ಬೇಸ್‌ಬಾಲ್. ಕಾಲೇಜು ಫುಟ್‌ಬಾಲ್‌ಗೂ ಮರ್ಯಾದೆ ಇತ್ತು. ವೃತ್ತಿಪರ ಫುಟ್‌ಬಾಲ್ ಅವೆರಡರ ನೆರಳಿನಲ್ಲಿತ್ತು. ಅದರಲ್ಲೂ ಎಎಎಫ್‌ಸಿ ಹೊಸ ಲೀಗ್. ಉತ್ತರದ ಕಾಲೇಜುಗಳಲ್ಲಿ ಕಪ್ಪು ಆಟಗಾರರು ಆಡುವುದನ್ನು ಜನ ನೋಡಿದ್ದರು, ಹಾಗಾಗಿ ಅಷ್ಟು ಬೆರಗೂ ಆಗಲಿಲ್ಲ. ಪಾಲ್ ಬ್ರೌನ್ ಕೂಡ ಇದನ್ನು ಸುದ್ದಿ ಮಾಡಲಿಲ್ಲ. ಬೇಸ್‌ಬಾಲ್‌ನಲ್ಲಿ ಡಾಡ್ಜರ್ಸ್ ತಂಡ ನಡೆಸುತ್ತಿದ್ದ ಬ್ರ್ಯಾಂಚ್ ರಿಕಿ ತುಂಬಾ ಯೋಚಿಸಿ, ದೇಶವೇ ನೋಡುವಂತೆ ಒಬ್ಬರನ್ನು ಮುಂದೆ ನಿಲ್ಲಿಸಿದರು. ಒಬ್ಬರ ಕಥೆ ಮನಸ್ಸಿನಲ್ಲಿ ನಿಲ್ಲುತ್ತದೆ. ಎರಡು ಊರಿನ, ಎರಡು ಲೀಗಿನ ನಾಲ್ವರ ಕಥೆ ಹಂಚಿಹೋಗುತ್ತದೆ. ಇವರು ಪಟ್ಟ ಪಾಡು ರಾಬಿನ್ಸನ್‌ಗಿಂತ ಕಡಿಮೆ ಎಂದು ಮಾತ್ರ ಯಾರೂ ತಿಳಿಯಬಾರದು.

ಫುಟ್‌ಬಾಲ್ ಮೈಗೆ ಮೈ ತಾಗುವ ಆಟ. ದ್ವೇಷ ಇದ್ದವನಿಗೆ ಪ್ರತಿ ಆಟದಲ್ಲೂ ಅವಕಾಶ ಸಿಗುತ್ತದೆ. ಕೆಳಗೆ ಬಿದ್ದ ಮಾಟ್ಲಿಯವರ ಕೈಗಳ ಮೇಲೆ ಎದುರಾಳಿಗಳು ಮೊಳೆ ಬೂಟಿನಲ್ಲಿ ಬೇಕೆಂದೇ ತುಳಿಯುತ್ತಿದ್ದರು. ಗಾಯದ ಕಲೆಗಳು ಕೊನೆಯವರೆಗೂ ಉಳಿದವು. ರೆಫರಿಗಳು ಪಕ್ಕದಲ್ಲೇ ನಿಂತು ನೋಡಿ ಸುಮ್ಮನಿರುತ್ತಿದ್ದರು. ಬಾಯಿಗೆ ಬಂದ ಬೈಗುಳ ಬೇರೆ. ಏನೇ ಆದರೂ ಕೈ ಎತ್ತಬಾರದು ಎಂದು ಪಾಲ್ ಬ್ರೌನ್ ಮಾಟ್ಲಿ, ವಿಲ್ಲಿಸ್ ಇಬ್ಬರಿಗೂ ಮೊದಲೇ ಹೇಳಿದ್ದರು. ಎತ್ತಲಿಲ್ಲ. ಎರಡು ಮೂರು ವರ್ಷ ಹೀಗೇ ನಡೆಯಿತು. ಅವರು ಬೈಯುತ್ತಿರುವಾಗ ನಾನು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಹೊಡೆಯುತ್ತಿದ್ದೆ, ವಿಲ್ಲಿಸ್ ಅವರನ್ನು ಕೆಡವುತ್ತಿದ್ದರು, ಕೊನೆಗೆ ಬೈಯುವುದು ಬಿಟ್ಟು ನಮ್ಮನ್ನು ಹಿಡಿಯುವುದು ಹೇಗೆಂದು ನೋಡತೊಡಗಿದರು ಎಂಬ ಅರ್ಥದ ಮಾತನ್ನು ಮಾಟ್ಲಿ ವರ್ಷಗಳ ನಂತರ ಹೇಳಿದ್ದಾರೆ. ಮೊದಲ ವರ್ಷದ ಡಿಸೆಂಬರ್‌ನಲ್ಲಿ ಮಯಾಮಿಗೆ ಹೋಗಿ ಆಡಬೇಕಿತ್ತು. ಫ್ಲಾರಿಡಾದಲ್ಲಿ ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಆಡುವಂತಿರಲಿಲ್ಲ. ಬೆದರಿಕೆಗಳೂ ಇದ್ದವು. ಇಬ್ಬರನ್ನೂ ಕ್ಲೀವ್‌ಲ್ಯಾಂಡ್‌ನಲ್ಲೇ ಬಿಟ್ಟು ತಂಡ ಹೋಯಿತು. ತಮ್ಮದೇ ತಂಡದ ಪಂದ್ಯ, ತಾವಿಲ್ಲ. ಆ ವರ್ಷದ ಕೊನೆಗೆ ಮಯಾಮಿ ತಂಡವೇ ಮುಚ್ಚಿಹೋಯಿತು.

ಆಟದ ಮಟ್ಟಿಗೆ ಆ ನಾಲ್ಕು ವರ್ಷ ಬ್ರೌನ್ಸ್‌ಗೆ ಎದುರಿಲ್ಲ. ಲೀಗ್ ಪಂದ್ಯಗಳಲ್ಲಿ 47 ಗೆಲುವು, 4 ಸೋಲು, 3 ಡ್ರಾ. ನಾಲ್ಕೂ ವರ್ಷ ಚಾಂಪಿಯನ್. 1948ರಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಆ ವರ್ಷ ಮಾಟ್ಲಿ 964 ಗಜ ಓಡಿ ಲೀಗಿಗೇ ಮೊದಲಿಗರಾದರು. ಫೈನಲ್‌ನಲ್ಲಿ ಬಫಲೊ ಬಿಲ್ಸ್ ವಿರುದ್ಧ 133 ಗಜ, ಮೂರು ಟಚ್‌ಡೌನ್. ಸ್ಕೋರು 49-7.

ಎನ್‌ಎಫ್‌ಎಲ್ ಅಭಿಮಾನಿಗಳು ಇದನ್ನು ನಂಬಲಿಲ್ಲ. ಸಣ್ಣ ಲೀಗ್, ಅದಕ್ಕೇ ಗೆಲ್ಲುತ್ತಾರೆ ಎಂದರು. 1950ರಲ್ಲಿ ಬ್ರೌನ್ಸ್ ಎನ್‌ಎಫ್‌ಎಲ್‌ಗೆ ಬಂದಾಗ ಮೊದಲ ಪಂದ್ಯವನ್ನೇ ಚಾಂಪಿಯನ್ ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ, ಅವರ ಊರಿನಲ್ಲೇ ಇಟ್ಟರು. ಬ್ರೌನ್ಸ್ 35-10ರಿಂದ ಗೆದ್ದಿತು. ಡಿಸೆಂಬರ್ 24ರಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧದ ಫೈನಲ್ 30-28. ಗ್ರಹಾಂ ನಾಲ್ಕು ಟಚ್‌ಡೌನ್ ಪಾಸ್ ಎಸೆದರು. 28 ಸೆಕೆಂಡ್ ಉಳಿದಿರುವಾಗ ಲೂ ಗ್ರೋಜಾ ಒದ್ದ ಫೀಲ್ಡ್ ಗೋಲ್ ಪಂದ್ಯ ಗೆಲ್ಲಿಸಿತು. ಬಂದ ಮೊದಲ ವರ್ಷವೇ ಚಾಂಪಿಯನ್.

ಆ ವರ್ಷ ಎನ್‌ಎಫ್‌ಎಲ್‌ನಲ್ಲಿ ಅತಿ ಹೆಚ್ಚು ಗಜ ಓಡಿದವರು ಮಾಟ್ಲಿ. 810 ಗಜ, ಸರಾಸರಿ 5.8. ಆಗ ಅವರಿಗೆ 30 ವರ್ಷ. ಅಕ್ಟೋಬರ್ 29ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ ಆಡಿದ ಆಟವನ್ನು ಈಗಲೂ ನೆನೆಯುತ್ತಾರೆ. ಚೆಂಡು ಕೈಗೆ ಬಂದದ್ದು 11 ಸಲ. ಓಡಿದ್ದು 188 ಗಜ. ಸಲಕ್ಕೆ 17.1 ಗಜ! ಒಂದು ಪಂದ್ಯದ ಓಟದ ಸರಾಸರಿಯಲ್ಲಿ ಈ ದಾಖಲೆ 52 ವರ್ಷ ಉಳಿಯಿತು. 2002ರಲ್ಲಿ ಅದನ್ನು ಮುರಿದ ಮೈಕಲ್ ವಿಕ್ ಓಟಗಾರ ಕೂಡ ಅಲ್ಲ, ಕ್ವಾರ್ಟರ್‌ಬ್ಯಾಕ್. ಆ ಪಂದ್ಯದಲ್ಲಿ ಮಾಟ್ಲಿಗೆ ಇನ್ನೂ ಹತ್ತು ಸಲ ಚೆಂಡು ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಆದರೆ 45-7ರಿಂದ ಗೆಲ್ಲುತ್ತಿರುವಾಗ ಪಾಲ್ ಬ್ರೌನ್ ಒಬ್ಬರ ದಾಖಲೆಗಾಗಿ ಆಡಿಸುವವರಲ್ಲ.

ಆಮೇಲೆ ಮೊಣಕಾಲುಗಳು ಕೈಕೊಟ್ಟವು. ವರ್ಷಗಟ್ಟಲೆ ಓಡಿದ್ದಕ್ಕಿಂತ ಅಡ್ಡ ನಿಂತು ಡಿಕ್ಕಿ ತಡೆದದ್ದರ ಫಲ ಅದು. 1951ರಲ್ಲಿ 273 ಗಜ, 1953ರಲ್ಲಿ 161. 1954ರಲ್ಲಿ ಆಡಲಾಗಲಿಲ್ಲ. 1955ರಲ್ಲಿ ಸ್ಟೀಲರ್ಸ್‌ಗೆ ಹೋದರು, ಹೆಚ್ಚಾಗಿ ಲೈನ್‌ಬ್ಯಾಕರ್ ಆಗಿ. ಸೀಸನ್ ಮುಗಿಯುವ ಮೊದಲೇ ತಂಡ ಅವರನ್ನು ಕೈಬಿಟ್ಟಿತು.

ನನಗೆ ಅವರ ಬದುಕಿನಲ್ಲಿ ಅತಿ ಹೆಚ್ಚು ಬೇಸರ ತರುವುದು ಇದರ ನಂತರದ ಭಾಗ. ಮಾಟ್ಲಿಗೆ ಕೋಚ್ ಆಗುವ ಆಸೆ ಇತ್ತು. ಆಟವನ್ನು ಅವರಷ್ಟು ಕಡೆಯಿಂದ ನೋಡಿದವರು ಕಡಿಮೆ. ಪಾಲ್ ಬ್ರೌನ್ ಬಳಿ ಕೆಲಸ ಕೇಳಿದರೆ, ಉಕ್ಕಿನ ಕಾರ್ಖಾನೆಯಲ್ಲಿ ಕೇಳಿ ನೋಡಿದಿರಾ ಎಂಬ ಉತ್ತರ ಬಂತು ಎಂದು ಮಾಟ್ಲಿಯವರೇ ಹೇಳಿಕೊಂಡಿದ್ದಾರೆ. 1960ರ ದಶಕದಲ್ಲಿ ಮತ್ತೆ ಪ್ರಯತ್ನಿಸಿದರು. ಜಾಗ ಖಾಲಿ ಇಲ್ಲ ಎಂದರು. ಈಗ ಅದೇ ಬ್ರೌನ್ಸ್ ತಂಡದಲ್ಲಿ ಅವರ ಜೊತೆ ಆಡಿದವರ ಪಟ್ಟಿ ನೋಡಿ. ಡಾನ್ ಶೂಲಾ, ಚಕ್ ನಾಲ್, ಲೂ ಸೇಬನ್, ಮ್ಯಾಕ್ ಸ್ಪೀಡಿ, ಏಬ್ ಗಿಬ್ರಾನ್, ವಾಲ್ಟ್ ಮೈಕಲ್ಸ್, ಆಟೋ ಗ್ರಹಾಂ. ಎಲ್ಲರೂ ವೃತ್ತಿಪರ ತಂಡಗಳಿಗೆ ಮುಖ್ಯ ಕೋಚ್ ಆದವರು. ಎಲ್ಲರೂ ಬಿಳಿಯರು. ಮಾಟ್ಲಿಗೆ ಸಹಾಯಕ ಕೋಚ್ ಕೆಲಸವೂ ಸಿಗಲಿಲ್ಲ. 1967ರಲ್ಲಿ ಕ್ಲೀವ್‌ಲ್ಯಾಂಡ್‌ನ ಒಂದು ಮಹಿಳಾ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟರು. ಹೊಟ್ಟೆಪಾಡಿಗೆ ಅಂಚೆ ಇಲಾಖೆ, ಓಹಾಯೊ ಲಾಟರಿ, ರಾಜ್ಯದ ಯುವಜನ ಸೇವೆಯ ಇಲಾಖೆ, ಹೀಗೆ ಬೇರೆ ಬೇರೆ ಕಡೆ ದುಡಿದರು.

ಪಾಲ್ ಬ್ರೌನ್‌ರನ್ನು ನಾನು ಇಲ್ಲಿ ಬಿಟ್ಟುಕೊಡುವುದೂ ಇಲ್ಲ, ಪೂರ್ತಿ ಹೊಗಳುವುದೂ ಇಲ್ಲ. 1946ರಲ್ಲಿ ರ‍್ಯಾಮ್ಸ್ ಒತ್ತಡಕ್ಕೆ ಮಣಿದು ಮಾಡಿದ್ದನ್ನು ಇವರು ಯಾರೂ ಒತ್ತಾಯಿಸದೆ ಇದ್ದಾಗ ಮಾಡಿದರು. ಗೆಲ್ಲಬೇಕು, ಗೆಲ್ಲಿಸುವವರು ಯಾರಾದರೂ ಸರಿ ಎಂಬ ಲೆಕ್ಕ ಅವರದ್ದು. ಆ ಲೆಕ್ಕ ಮೈದಾನದವರೆಗೆ ಬಂತು, ಕೋಚ್‌ಗಳ ಕೋಣೆವರೆಗೆ ಬರಲಿಲ್ಲ. ಅವರೊಬ್ಬರದೇ ತಪ್ಪಲ್ಲ. ಎನ್‌ಎಫ್‌ಎಲ್‌ನಲ್ಲಿ ಪೊಲಾರ್ಡ್ ನಂತರ ಮತ್ತೊಬ್ಬ ಕಪ್ಪು ಮುಖ್ಯ ಕೋಚ್ ಬಂದದ್ದು 1989ರಲ್ಲಿ, ಆರ್ಟ್ ಶೆಲ್. ಅಷ್ಟು ಹೊತ್ತಿಗೆ ಮಾಟ್ಲಿಗೆ 69 ವರ್ಷ.

1968ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದರು. ಎಮ್ಲೆನ್ ಟನೆಲ್ ನಂತರ ಆ ಗೌರವ ಪಡೆದ ಎರಡನೇ ಕಪ್ಪು ಆಟಗಾರ. ತಾವು ಬೆಳೆದ ಊರಿನಲ್ಲೇ ತಮ್ಮ ಮೂರ್ತಿ. ವಿಲ್ಲಿಸ್ 1977ರಲ್ಲಿ ಸೇರಿದರು. ಎನ್‌ಎಫ್‌ಎಲ್ 75 ವರ್ಷ ತುಂಬಿದಾಗ, 1994ರಲ್ಲಿ, ಆರಿಸಿದ ಸಾರ್ವಕಾಲಿಕ ತಂಡದಲ್ಲೂ ಮಾಟ್ಲಿ ಇದ್ದರು. ತೀರಿಕೊಂಡದ್ದು 1999ರ ಜೂನ್ 27ರಂದು, ಕ್ಲೀವ್‌ಲ್ಯಾಂಡ್‌ನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ.

ಉಳಿದದ್ದು ಜಿಮ್ ಬ್ರೌನ್ ಪ್ರಶ್ನೆ. ಮಾಟ್ಲಿಯೇ ದೊಡ್ಡವರು ಎಂದು ಜೋರಾಗಿ ಹೇಳಿದವರು ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಪಾಲ್ ಝಿಮ್ಮರ್‌ಮನ್. ತಾನು ನೋಡಿದ ಆಟಗಾರರಲ್ಲೆಲ್ಲ ಮಾಟ್ಲಿಯೇ ಶ್ರೇಷ್ಠ ಎಂದು ಅವರು ಬರೆದರು. ಝಿಮ್ಮರ್‌ಮನ್ ಸ್ವತಃ ಆಡಿದವರು, ಚೆಂಡು ಇಲ್ಲದ ಕಡೆ ಏನು ನಡೆಯುತ್ತದೆ ಎಂದು ನೋಡುವ ಕಣ್ಣು ಅವರಿಗಿತ್ತು. ನನ್ನ ಮಾತು ಕೇಳಿದರೆ, ಓಟ ಒಂದನ್ನೇ ನೋಡುವುದಾದರೆ ಜಿಮ್ ಬ್ರೌನ್. ಅದರಲ್ಲಿ ಅನುಮಾನ ಬೇಡ. ಒಂಬತ್ತು ವರ್ಷದಲ್ಲಿ ಎಂಟು ಸಲ ಲೀಗಿಗೇ ಮೊದಲಿಗರಾದವರು ಅವರು, ಪ್ರತಿ ವಾರ ಇಡೀ ಎದುರಾಳಿ ತಂಡ ತಮಗಾಗಿಯೇ ಕಾದಿದ್ದಾಗಲೂ ಓಡಿದವರು. ಆದರೆ ಜಿಮ್ ಬ್ರೌನ್ ಬ್ಲಾಕ್ ಮಾಡುವುದಕ್ಕೆ ಹೆಸರಾದವರಲ್ಲ, ರಕ್ಷಣೆಗೆ ನಿಂತವರೂ ಅಲ್ಲ. ಒಂದು ತಂಡಕ್ಕೆ ಹನ್ನೊಂದು ಜನರನ್ನು ನಾನು ಆರಿಸಬೇಕು, ಮೊದಲ ಹೆಸರು ಹೇಳು ಎಂದರೆ ಮಾಟ್ಲಿ ಎನ್ನುತ್ತೇನೆ. ನಿಮ್ಮ ಮಗ ಒಪ್ಪದಿದ್ದರೆ ಅವನಿಗೆ ಬ್ರೌನ್ಸ್ ತಂಡದ 1948ರ ಮತ್ತು 1950ರ ಪಂದ್ಯಗಳ ಹಳೆಯ ತುಣುಕುಗಳನ್ನು ಹುಡುಕಿ ತೋರಿಸಿ. ಒಂದು ಸಲ ಗ್ರಹಾಂ ಅವರನ್ನು ನೋಡದೆ, ಅವರ ಪಕ್ಕದಲ್ಲಿ ನಿಂತ 76ನೇ ನಂಬರಿನ ಜೆರ್ಸಿಯವರನ್ನು ಮಾತ್ರ ನೋಡಲು ಹೇಳಿ.